ಸ್ಪೀಕರ್ ಒಳ್ಳೇದೇ ಇದೆ, ಮೊದಲು ಸೋಫಾ ಜರುಗಿಸಿ

ಓದುಗರ ಪ್ರಶ್ನೆ: "ನಾನು ಮೂಲ ಧಾರವಾಡದವನು, ಬ್ಯಾಂಕಿನಿಂದ ನಿವೃತ್ತನಾಗಿ ಮುಲುಂಡಿನಲ್ಲಿದ್ದೇನೆ. ಇಷ್ಟು ವರ್ಷ ಸಣ್ಣ ಡಬ್ಬಿಯಲ್ಲೇ ಹಿಂದುಸ್ತಾನಿ ಸಂಗೀತ ಕೇಳಿದೆ. ಈ ವರ್ಷ ಮನಸ್ಸು ಗಟ್ಟಿ ಮಾಡಿ ನೆಲದ ಮೇಲೆ ನಿಲ್ಲುವ ದೊಡ್ಡ ಸ್ಪೀಕರ್ ಜೋಡಿ ತಂದೆ, 6 ಲಕ್ಷ ರೂಪಾಯಿ. ಅಂಗಡಿಯಲ್ಲಿ ಅದ್ಭುತವಾಗಿತ್ತು. ಮನೆಯಲ್ಲಿ ಒಂದು ವಿಚಿತ್ರ ನಡೀತಿದೆ. ಹಾರ್ಮೋನಿಯಮ್ಮಿನ ಕರಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ರೆಕಾರ್ಡಿಂಗ್ ಹಾಕಿದರೆ ತಂಬೂರಿಯ ಖರ್ಜ, ಅಂದರೆ ಅತಿ ಕೆಳಗಿನ ತಂತಿ, ಗುಂಯ್ ಅಂತ ಹಾಲ್ ತುಂಬ ತುಂಬಿಕೊಂಡು ಬಂದಿಶಿನ ಮಾತೇ ಕೇಳಿಸೋದಿಲ್ಲ. ಕರಿ ಎರಡರವರದ್ದು ಹಾಕಿದರೆ ಅಷ್ಟು ತೊಂದರೆ ಇಲ್ಲ. ಯಾರದ್ದೇ ಹಾಕಿದರೂ ದ್ರುತ್ ತಾನುಗಳು ಕಲಸಿಹೋಗುತ್ತವೆ. ಹಾಲ್ 16 ಅಡಿ ಉದ್ದ, 10 ಅಡಿ ಅಗಲ, ಎತ್ತರ ಒಂಬತ್ತೂವರೆ. ಒಂದು ಗಿಡ್ಡ ಗೋಡೆಗೆ ಟೀವಿ, ಅದರ ಎಡಬಲದ ಮೂಲೆಗಳಲ್ಲಿ ಸ್ಪೀಕರ್. ಎದುರಿನ ಗೋಡೆಗೆ ಸೋಫಾ. ಬಲಕ್ಕೆ ಬಾಲ್ಕನಿಯ ಗಾಜಿನ ಬಾಗಿಲು, ಎಡಕ್ಕೆ ಅರ್ಧ ಗೋಡೆ, ಅರ್ಧ ಒಳಗೆ ಹೋಗುವ ಪ್ಯಾಸೇಜು. ನೆಲ ವಿಟ್ರಿಫೈಡ್ ಟೈಲ್ಸ್. ಅಂಗಡಿಯವರು ಪವರ್ ಕೇಬಲ್, ಸ್ಪೀಕರ್ ವೈರ್ ಬದಲಾಯಿಸಿ, ಗೋಡೆಗೆಲ್ಲ ಫೋಮ್ ಹಾಕಿಸಿ, ಒಟ್ಟು 1.8 ಲಕ್ಷ ಅಂತಾರೆ. ಗೆಳೆಯರೊಬ್ಬರು ಮೊಟ್ಟೆ ಟ್ರೇ ಸಾಕು ಅಂತಾರೆ. ಬೆಂಗಳೂರಿನಲ್ಲಿರುವ ಮಗ ಯಾವುದೋ ಕರೆಕ್ಷನ್ ಪೆಟ್ಟಿಗೆ ಹಾಕಿದರೆ ಎಲ್ಲ ಸರಿಹೋಗುತ್ತೆ ಅಂತಾನೆ. ಹೆಂಡತಿ 'ಹಾಲನ್ನ ಸ್ಟುಡಿಯೋ ಮಾಡಿದರೆ ನೋಡಿ ಮತ್ತೆ' ಅಂತ ಹೇಳಿಬಿಟ್ಟಿದ್ದಾಳೆ. ಕೆಳಗಿನ ಮನೆಯವರು ಆಗಲೇ ಎರಡು ಸಲ ಬಂದು ಹೋದರು. ಟಾಟಾ ಥಿಯೇಟರಿನಲ್ಲಿ ಕೂತು ಕೇಳಿದ ತಂಬೂರಿ ಹೀಗಿರಲಿಲ್ಲ. ಸ್ಪೀಕರ್ ಮಾರಿಬಿಡಲಾ?"

ಮಾರಬೇಡಿ ಸರ್. ಕೇಬಲ್ಲೂ ಕೊಳ್ಳಬೇಡಿ, ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಕರಿ ಒಂದಕ್ಕೆ ಗುಂಯ್ ಅನ್ನುತ್ತೆ, ಕರಿ ಎರಡಕ್ಕೆ ಅನ್ನೋದಿಲ್ಲ. ಕೇಬಲ್ಲಿಗೆ ಶ್ರುತಿ ಗೊತ್ತಾಗೋದಿಲ್ಲ, ಕೋಣೆಗೆ ಗೊತ್ತಾಗುತ್ತೆ.

ಆದರೂ ಮೊದಲು ಎರಡು ಸಣ್ಣ ಪರೀಕ್ಷೆ ಮಾಡಿಬಿಡಿ. ಸಂಗೀತ ನಿಲ್ಲಿಸಿ, ವಾಲ್ಯೂಮ್ ಹಾಗೇ ಬಿಟ್ಟು, ಸ್ಪೀಕರ್ ಹತ್ತಿರ ಕಿವಿ ಇಡಿ. ಸುಮ್ನೆ ಇರುವಾಗಲೂ ಒಂದೇ ಸಮನೆ ಹಮ್ ಬರ್ತಿದ್ದರೆ ಅದು ಕರೆಂಟಿನ, ಅರ್ಥಿಂಗಿನ ತಕರಾರು. ನಮ್ಮ ಹಳೇ ಬಿಲ್ಡಿಂಗುಗಳಲ್ಲಿ ಇದು ಸಾಮಾನ್ಯ. ಅದಕ್ಕೆ ಎಲೆಕ್ಟ್ರಿಷಿಯನ್ ಬೇಕು, ನಾನಲ್ಲ. ಎರಡನೇದು, ಅದೇ ರೆಕಾರ್ಡಿಂಗನ್ನ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಅಲ್ಲೂ ಖರ್ಜ ಹಾಗೇ ಮೇಲೆ ಬಿದ್ದರೆ ತಪ್ಪು ರೆಕಾರ್ಡಿಂಗಿನದು. ಅಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿದರೆ ಮುಂದೆ ಓದಿ. ಬಹುಶಃ ಹಾಗೇ ಆಗುತ್ತೆ.

ಈಗ ಲೆಕ್ಕ. ಶಬ್ದ ನಮ್ಮ ಮುಂಬೈ ಸೆಕೆಯಲ್ಲಿ ಸೆಕೆಂಡಿಗೆ ಸುಮಾರು 1,135 ಅಡಿ ಓಡುತ್ತೆ. ಎದುರುಬದುರು ಎರಡು ಗಟ್ಟಿ ಗೋಡೆಗಳಿದ್ದರೆ, ಅವುಗಳ ನಡುವಿನ ಅಂತರದ ಎರಡರಷ್ಟು ಉದ್ದದ ಅಲೆ ಅಲ್ಲೇ ನಿಂತುಬಿಡುತ್ತೆ. ನಿಮ್ಮ 16 ಅಡಿಗೆ ಅದು ಸೆಕೆಂಡಿಗೆ 35 ಕಂಪನಕ್ಕೆ, ಅಂದರೆ 35 ಹರ್ಟ್ಜ್‌ಗೆ ಸ್ವಲ್ಪ ಮೇಲೆ. ಅದರ ದುಪ್ಪಟ್ಟೂ ಹೀಗೇ ನಿಲ್ಲುತ್ತೆ, ಅದು 70–71. ಈಗ ತಂಬೂರಿ ನೋಡಿ. ಕರಿ ಒಂದರ ಷಡ್ಜ ಸುಮಾರು 139 ಹರ್ಟ್ಜ್, ಗಂಡು ತಂಬೂರಿಯ ಖರ್ಜದ ತಂತಿ ಅದರ ಕೆಳಗಿನ ಸಪ್ತಕದ ಷಡ್ಜ, ಅಂದರೆ 69. ಹೆಚ್ಚೂಕಡಿಮೆ ನಿಮ್ಮ ಹಾಲ್ ತಾನೇ ಹಾಡುವ ಸ್ವರ ಅದು! ಕರಿ ಎರಡರ ಖರ್ಜ ಸುಮಾರು 78ಕ್ಕೆ ಬೀಳುತ್ತೆ, ಕೋಣೆಗೆ ಅದರ ಮೇಲೆ ಅಷ್ಟು ಪ್ರೀತಿ ಇಲ್ಲ. ಖರ್ಜದ ತಂತಿಯಲ್ಲಿ ಈ ಮೂಲ ಸ್ವರ ನಿಜಕ್ಕೂ ಅಷ್ಟು ಜೋರಾಗಿರೋದಿಲ್ಲ, ಜವಾರಿಯ, ಅಂದರೆ ಕುದುರೆಯ ಮೇಲೆ ತಂತಿ ಸವರಿ ಹುಟ್ಟುವ, ಮೇಲಿನ ಸ್ವರಗಳೇ ಅದರ ಸೊಗಸು. ನಿಮ್ಮ ಹಳೇ ಡಬ್ಬಿಗೆ 70 ಹರ್ಟ್ಜ್ ನುಡಿಸೋ ತಾಕತ್ತೇ ಇರಲಿಲ್ಲ, ಹಾಗಾಗಿ ಇಷ್ಟು ವರ್ಷ ಗೊತ್ತಾಗಲಿಲ್ಲ. ಹೊಸ ಸ್ಪೀಕರ್ ನಿಯತ್ತಾಗಿ ನುಡಿಸ್ತಿದೆ, ಕೋಣೆ ಅದನ್ನ ಹಿಡಿದು ಎತ್ತುತ್ತಿದೆ.

ಅಗಲದ 10 ಅಡಿಗೂ ಹೀಗೇ ಒಂದು ಸ್ವರ ಇರಬೇಕು, 57ರ ಹತ್ತಿರ. ಆದರೆ ಎಡಗಡೆ ಪ್ಯಾಸೇಜಿಗೆ ಬಾಯಿ ಇದೆಯಲ್ಲ, ಅದರಿಂದ ಬಚಾವು. ಆ ಪ್ಯಾಸೇಜಿಗೆ ಬಾಗಿಲು ಇಡಿಸಬೇಡಿ.

ನಿಂತ ಅಲೆ ಅಂದರೆ ಏನು ಅಂತ ಕಣ್ಣಿಗೆ ಕಾಣಬೇಕಾದರೆ ಅರ್ಧ ಬಕೆಟ್ ನೀರು ಎತ್ತಿಕೊಂಡು ನಡೆಯಿರಿ. ನೀರು ತನ್ನದೇ ಒಂದು ಲಯದಲ್ಲಿ ತುಳುಕೋಕೆ ಶುರುವಾಗುತ್ತೆ, ಅಂಚಿನಲ್ಲಿ ಏರಿಳಿತ ಜಾಸ್ತಿ, ನಡುವೆ ಹೆಚ್ಚೇನೂ ಇಲ್ಲ. ಬಾಸ್ ಕೂಡ ಗೋಡೆಯ ಹತ್ತಿರವೇ ಅತಿ ಹೆಚ್ಚು. ನೀವು ಎಲ್ಲಿ ಕೂತಿದ್ದೀರಿ? ಗೋಡೆಗೆ ಬೆನ್ನು ಹಚ್ಚಿ. ಸ್ಪೀಕರ್ ಎಲ್ಲಿವೆ? ಇನ್ನೊಂದು ಗೋಡೆಗೆ ಬೆನ್ನು ಹಚ್ಚಿ, ಅದೂ ಮೂಲೆಯಲ್ಲಿ. ಕೆಳಸ್ವರ ಅತಿ ಜೋರಾಗಿ ಹುಟ್ಟೋ ಜಾಗದಲ್ಲಿ ಪೆಟ್ಟಿಗೆ ಇಟ್ಟು, ಅತಿ ಜೋರಾಗಿ ಕೇಳಿಸೋ ಜಾಗದಲ್ಲಿ ಕುರ್ಚಿ ಹಾಕಿದ್ದೀರಿ. ನಿಮ್ಮನ್ನ ಬೈತಿಲ್ಲ ಸರ್, ಮುಂಬೈಯಲ್ಲಿ ನಾನು ನೋಡಿದ ಹಾಲ್‌ಗಳಲ್ಲಿ ಹೆಚ್ಚಿನವು ಹೀಗೇ ಇರೋದು. ಓಡಾಡೋಕೆ ಜಾಗ ಬೇಕಲ್ಲ, ಸಾಮಾನೆಲ್ಲ ಗೋಡೆ ಹಿಡಿಯುತ್ತೆ.

ನಂಬಿಕೆ ಬರದಿದ್ದರೆ ಫೋನಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತೆ. ಫೋನಿನಿಂದ ಆಂಪ್ಲಿಫೈಯರಿಗೆ ಜೋಡಿಸಿ, 70 ಹರ್ಟ್ಜ್ ಮೆಲ್ಲಗೆ ನುಡಿಸಿ. ಜೋರು ಬೇಡ. ಸೋಫಾದಲ್ಲಿ ಕೂತು ಕೇಳಿ, ಎದ್ದು ಸ್ಪೀಕರ್ ಕಡೆಗೆ ನಿಧಾನ ನಡೆಯಿರಿ. ನಾಲ್ಕು ಅಡಿ ಬರುವಷ್ಟರಲ್ಲಿ ಆ ಗುಂಯ್ ಇಳಿದು ಹೋಗುತ್ತೆ, ಕೆಲವು ಸಲ ಯಾರೋ ಸ್ವಿಚ್ ಆರಿಸಿದ ಹಾಗೆ. ಇನ್ನೂ ಮುಂದೆ ನಡೆದರೆ ಹಾಲಿನ ನಟ್ಟನಡುವೆ ಮತ್ತೆ ಹಾಜರ್. ಮನೆಯವರನ್ನೂ ಕರೆದು ನಡೆಸಿ ತೋರಿಸಿ. ಮುಂದೆ ಸಾಮಾನು ಜರುಗಿಸುವಾಗ ಅವರ ಒಪ್ಪಿಗೆ ಬೇಕಾಗುತ್ತೆ.

ಇಲ್ಲೇ ನಿಮ್ಮ ಮೊದಲ ದಾರಿ ಇದೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಕಿವಿ ಹಿಂದಿನ ಗೋಡೆಯಿಂದ 3 ಅಡಿ ಮುಂದೆ ಬಂದರೆ, ಕಾಗದದ ಲೆಕ್ಕದಲ್ಲಿ ಆ 70 ಹರ್ಟ್ಜ್ ಗೋಡೆಯಲ್ಲಿ ಇದ್ದದ್ದಕ್ಕಿಂತ ಸುಮಾರು 8 ಡೆಸಿಬೆಲ್ ಇಳಿಯುತ್ತೆ. 4 ಅಡಿಯಲ್ಲಿ ಸೊನ್ನೆ, ಅದೂ ಬೇಡ, ತಬಲಾದ ಡಗ್ಗಾ ಸೊರಗಿಹೋಗುತ್ತೆ. 5 ಅಡಿಯಲ್ಲಿ ಮತ್ತೆ 3 ಅಡಿಯಷ್ಟೇ. ಅಂದರೆ 3 ಅಡಿ ಇಲ್ಲವೇ 5 ಅಡಿ, ಆ ಸುತ್ತಮುತ್ತ. ಸೋಫಾ 3 ಅಡಿ ಮುಂದೆ ತಂದರೆ ಮನೆಯಲ್ಲಿ ಯುದ್ಧ ಆಗೋದಾದರೆ ಸೋಫಾ ಅಲ್ಲೇ ಇರಲಿ. ಗಿಡ್ಡ ಬೆನ್ನಿನ ಒಂದು ಬೆತ್ತದ ಕುರ್ಚಿ ತಂದು, ಕೇಳುವ ಹೊತ್ತಿಗೆ ಮಾತ್ರ 5 ಅಡಿಗೆ ಹಾಕಿಕೊಳ್ಳಿ. ಟೈಲ್ಸ್ ಮೇಲೆ ಪೆನ್ಸಿಲ್ ಗುರುತು ಮಾಡಿಟ್ಟುಕೊಂಡರೆ ಆಯಿತು. ಬೆನ್ನು ಎತ್ತರದ ಕುರ್ಚಿ ಬೇಡ, ಕಿವಿಯ ಹಿಂದೆ ಅದೇ ಇನ್ನೊಂದು ಗೋಡೆ ಆಗುತ್ತೆ.

ಸ್ಪೀಕರುಗಳನ್ನು ಮೂಲೆಯಿಂದ ಹೊರಗೆ ತನ್ನಿ. ಪೆಟ್ಟಿಗೆಯ ಮುಖ ಟೀವಿ ಗೋಡೆಯಿಂದ ಎರಡೂವರೆ, ಮೂರು ಅಡಿಗೆ ಬರಲಿ. ಪಕ್ಕದ ಗೋಡೆಗೆ ಎರಡು ಅಡಿಗೆ ಸ್ವಲ್ಪ ಕಡಿಮೆ. ಈ ಎರಡು ಅಳತೆ ಒಂದೇ ಆಗದಂತೆ ನೋಡಿಕೊಳ್ಳಿ. ಯಾಕೆ ಅಂದರೆ ಸ್ಪೀಕರಿನಿಂದ ಹಿಂದಕ್ಕೆ ಹೋದ ಬಾಸ್ ಗೋಡೆಗೆ ಬಡಿದು ವಾಪಸ್ ಬಂದು ಒಂದು ಸ್ವರವನ್ನ ಕೊಂದುಹಾಕುತ್ತೆ. ಮೂರು ಅಡಿಗೆ ಅದು ಸುಮಾರು 95 ಹರ್ಟ್ಜ್, ಎರಡು ಅಡಿಗೆ 140. ಎರಡೂ ಕಡೆ ಒಂದೇ ಅಳತೆ ಇಟ್ಟರೆ ಒಂದೇ ಸ್ವರಕ್ಕೆ ಎರಡು ಏಟು ಬೀಳುತ್ತೆ. ಸ್ಪೀಕರ್‌ಗಳ ನಡುವೆ ಆರೂವರೆ ಅಡಿ ಸಿಕ್ಕರೆ, 5 ಅಡಿಯ ಕುರ್ಚಿಯಿಂದ ಅವು ಎಂಟೂವರೆ ಒಂಬತ್ತು ಅಡಿ ದೂರ. ಪುಸ್ತಕದಲ್ಲಿ ಹೇಳುವ ಸಮಬಾಹು ತ್ರಿಕೋನ ಬರೋದಿಲ್ಲ, ಪರವಾಗಿಲ್ಲ. ಹಿಂದೆ ತೂತು ಇರುವ ಮಾದರಿ ಆಗಿದ್ದರೆ ಡಬ್ಬದಲ್ಲಿ ಫೋಮಿನ ಬೂಚು ಕೊಟ್ಟಿರ್ತಾರೆ, ಅದನ್ನ ತುರುಕಿ ಒಂದು ವಾರ ಕೇಳಿ. ಕೊಟ್ಟಿಲ್ಲದಿದ್ದರೆ ಕಾಲುಚೀಲ ಸುತ್ತಿ ಇಡಿ, ಯಾರೂ ನೋಡೋದಿಲ್ಲ. ತೀರಾ ಕೆಳಗಿನ ಬಾಸ್ ಸ್ವಲ್ಪ ಹೋಗುತ್ತೆ, ತಂಬೂರಿ ತಬಲಾ ಕೇಳುವವರಿಗೆ ಅದೇನು ದೊಡ್ಡ ನಷ್ಟ ಅಲ್ಲ.

ನಾನು ಕೊಟ್ಟ ಅಡಿ ಇಂಚೆಲ್ಲ ಶುರುವಿನ ಜಾಗ ಅಷ್ಟೇ. ಬಾಗಿಲು, ಕಪಾಟು, ಪ್ಯಾಸೇಜು ಇರುವ ನಿಜವಾದ ಹಾಲಿನಲ್ಲಿ ಲೆಕ್ಕದ ಅರ್ಧ ಸಿಕ್ಕರೂ ನೀವು ಗೆದ್ದಿರಿ. ಅರ್ಧರ್ಧ ಅಡಿ ಜರುಗಿಸುತ್ತಾ ಅದೇ ಒಂದು ರೆಕಾರ್ಡಿಂಗ್ ಕೇಳಿ. ಒಂದೇ ದಿನ ಎಲ್ಲ ಮಾಡಬೇಡಿ, ಕಿವಿ ದಣಿದ ಮೇಲೆ ಎಲ್ಲವೂ ಒಂದೇ ಥರ ಕೇಳಿಸುತ್ತೆ. ಮತ್ತೆ, ದಯವಿಟ್ಟು ಒಬ್ಬರೇ ಎತ್ತಬೇಡಿ.

ಜರುಗಿಸುವ ಹೊತ್ತಿಗೇ ಇನ್ನೊಂದು ಕೆಲಸ. ಆಪಿನಲ್ಲಿ 40ರಿಂದ 200 ಹರ್ಟ್ಜ್‌ವರೆಗೆ ಟೋನನ್ನ ನಿಧಾನ ಏರಿಸುತ್ತಾ ಹೋಗಿ, ಏನೇನು ನಡುಗುತ್ತೆ ಹುಡುಕಿ. ಚೆಂಬೂರಿನ ಒಂದು ಮನೆಯಲ್ಲಿ "ಡಗ್ಗಾ ಒಡೆದ ಹಾಗೆ ಕೇಳ್ತದೆ, ವೂಫರ್ ಹೋಗಿರಬೇಕು" ಅಂತ ಕರೆದಿದ್ದರು. ಶೋಕೇಸಿನ ಗಾಜಿನ ಹಲಗೆ ಮೇಲೆ ಎರಡು ಹಿತ್ತಾಳೆ ದೀಪ ಒಂದಕ್ಕೊಂದು ತಾಗಿ ನಿಂತಿದ್ದವು. ದೀಪಗಳನ್ನ ಒಂದಿಷ್ಟು ದೂರ ಸರಿಸಿ, ಕೆಳಗೆ ಬಟ್ಟೆ ತುಂಡು ಹಾಕಿದ್ದಕ್ಕೆ ವೂಫರ್ ಗುಣವಾಯಿತು. ನಿಮ್ಮ ಗಾಜಿನ ಬಾಗಿಲಿನ ಚೌಕಟ್ಟು, ಗ್ರಿಲ್ಲು, ಏಸಿಯ ರೆಕ್ಕೆ, ಪಿಓಪಿ ಸೀಲಿಂಗಿನ ಲೈಟ್, ಇವನ್ನೆಲ್ಲ ಒಂದೊಂದಾಗಿ ಕೈಯಿಂದ ಒತ್ತಿ ನೋಡಿ.

ಈಗ ತಾನುಗಳು ಕಲಸಿಹೋಗುವ ವಿಷಯ. ಇದು ಬೇರೆ ರೋಗ. ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಟ್ರ್‌ರ್ ಅಂತ ಬಾಲ ಬಂತಾ? ಬರಿಗೋಡೆ, ಗಾಜು, ಟೈಲ್ಸ್, ಇವುಗಳಲ್ಲಿ ಯಾವುದೂ ಶಬ್ದ ಕುಡಿಯೋದಿಲ್ಲ. ಒಂದು ಸ್ವರ ಸಾಯುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಕೂರುತ್ತೆ. ಅಮೆರಿಕದಲ್ಲಿ ಕೂತು ಬರೆದವರ ಸಲಹೆ ಇಲ್ಲಿ ಪೂರ್ತಿ ನಡೆಯದಿರೋಕೂ ಇದೇ ಕಾರಣ. ಅವರಲ್ಲಿ ಎಷ್ಟೋ ಮನೆಗಳದ್ದು ಮರದ ಚೌಕಟ್ಟಿಗೆ ಜಿಪ್ಸಮ್ ಬೋರ್ಡ್ ಬಡಿದ ಗೋಡೆ, ಅದು ಬಾಸಿಗೆ ಸ್ವಲ್ಪ ಮಣಿಯುತ್ತೆ, ಒಂದಷ್ಟನ್ನ ತಾನೇ ನುಂಗುತ್ತೆ. ನಮ್ಮ ಕಾಂಕ್ರೀಟು, ಪ್ಲಾಸ್ಟರ್ ಬಳಿದ ಇಟ್ಟಿಗೆ ಜಗ್ಗೋದೇ ಇಲ್ಲ.

ಶಬ್ದ ಎಷ್ಟು ಹೊತ್ತು ಉಳಿಯುತ್ತೆ ಅನ್ನೋದಕ್ಕೆ ಸೂತ್ರ ಕೊಟ್ಟವನು ಹಾರ್ವರ್ಡಿನ ವ್ಯಾಲೇಸ್ ಸಬೀನ್. 1895ರಲ್ಲಿ ಅವನಿಗೆ ಅಲ್ಲಿನ ಫಾಗ್ ಮ್ಯೂಸಿಯಮ್ಮಿನ ಲೆಕ್ಚರ್ ಹಾಲ್ ಸರಿಮಾಡು ಅಂತ ಒಪ್ಪಿಸಿದರು. ಅಲ್ಲಿ ಒಂದು ಮಾತು ಸಾಯೋಕೆ 5 ಸೆಕೆಂಡಿಗೂ ಜಾಸ್ತಿ ಬೇಕಿತ್ತು. ಅವನು ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ದಿಂಬುಗಳನ್ನ ರಾತ್ರಿ ಹೊತ್ತು ತಂದು ಜೋಡಿಸಿ, ಆರ್ಗನ್ ಕೊಳವೆ ಊದಿಸಿ, ಗಡಿಯಾರ ಹಿಡಿದು ಅಳೆದ. ಅವನ ಸೂತ್ರದ ಪ್ರಕಾರ ನಿಮ್ಮ 43 ಘನ ಮೀಟರ್ ಹಾಲಿನಲ್ಲಿ ಶಬ್ದ 0.4 ಸೆಕೆಂಡಿನಲ್ಲಿ ಸಾಯಬೇಕಾದರೆ, ಪೂರ್ತಿ ಶಬ್ದ ಕುಡಿಯುವಂಥ ಮೇಲ್ಮೈ ಸುಮಾರು 17 ಚದರ ಮೀಟರ್ ಬೇಕು. ಬಟ್ಟೆಯ ಸೋಫಾ, ಕೂತ ಜನ, ದಪ್ಪ ಪರದೆ, ಜಮಖಾನೆ ಎಲ್ಲ ಸೇರಿ ಅದರಲ್ಲಿ ಒಂದು ಪಾಲು ಬರುತ್ತೆ. ಉಳಿದದ್ದಕ್ಕೆ ಪ್ಯಾನೆಲ್.

ಮೊಟ್ಟೆ ಟ್ರೇ ವಿಷಯ ಮುಗಿಸಿಬಿಡೋಣ: ಕೆಲಸಕ್ಕೆ ಬಾರದು, ಬೆಂಕಿ ಬೇಗ ಹಿಡಿಯುತ್ತೆ, ಜಿರಳೆಗೆ ಮನೆ. ಅಂಗಡಿಯವರ ಫೋಮ್ ಅದಕ್ಕಿಂತ ವಾಸಿ, ಆದರೆ ಒಂದೆರಡು ಇಂಚಿನ ಫೋಮ್ ಕುಡಿಯೋದು ಮೇಲಿನ ಸ್ವರಗಳನ್ನ ಮಾತ್ರ. 70 ಹರ್ಟ್ಜಿನ ಅಲೆ 16 ಅಡಿ ಉದ್ದ, ಒಂದು ಇಂಚಿನ ಸ್ಪಂಜು ಅದಕ್ಕೆ ಏನು ಲೆಕ್ಕ? ಗೋಡೆಗೆಲ್ಲ ಫೋಮ್ ಅಂಟಿಸಿದರೆ ತಂಬೂರಿಯ ಜವಾರಿ, ಗಂಟಲಿನ ಹೊಳಪು ಹೋಗಿ ಗುಂಯ್ ಮಾತ್ರ ಉಳಿಯುತ್ತೆ. ಈಗಿನದಕ್ಕಿಂತ ಕೆಡುತ್ತೆ ಅಂತ ಖಂಡಿತ ಹೇಳಬಲ್ಲೆ. ಸಾಧಾರಣ ಪಿಯು ಫೋಮಿಗೆ ಬೆಂಕಿ ಬಿದ್ದರೆ ಬರುವ ಹೊಗೆ ತುಂಬ ಅಪಾಯದ್ದು, ಪ್ಲಗ್ ಪಾಯಿಂಟ್ ಇರುವ ಗೋಡೆಗಂತೂ ಬೇಡವೇ ಬೇಡ.

ಬದಲಿಗೆ ರಾಕ್‌ವೂಲ್, ಅಂದರೆ ಕಲ್ಲಿನ ನಾರಿನ ಹಲಗೆ. ಘನ ಮೀಟರಿಗೆ 48 ಕೆಜಿ ಸಾಂದ್ರತೆಯದ್ದು, 50 ಮಿಲಿಮೀಟರಿನವು ಎರಡು ಸೇರಿಸಿ ನಾಲ್ಕು ಇಂಚು ಮಾಡಿ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಮರದ ಚೌಕಟ್ಟು ಕಾರ್ಪೆಂಟರ್ ಕೈಲಿ ಮಾಡಿಸಿ, ಗಾಳಿಯಾಡುವ ಬಟ್ಟೆ ಹೊದಿಸಿ. ಬಟ್ಟೆಗೆ ಬಾಯಿ ಇಟ್ಟು ಊದಿದರೆ ಉಸಿರು ಆಚೆ ಹೋಗಬೇಕು, ಅಷ್ಟೇ ಪರೀಕ್ಷೆ. ಬಣ್ಣ ಮನೆಯವರೇ ಆರಿಸಲಿ. ಅರ್ಧ ವಿರೋಧ ಅಲ್ಲೇ ಕರಗುತ್ತೆ. ವೂಲ್ ಕತ್ತರಿಸುವಾಗ ಮಾಸ್ಕ್, ಕೈಗವಸು ಇರಲಿ, ತುರಿಕೆ ಜೋರು. ಅದು ಬೇಡವೆನಿಸಿದರೆ ಪಾಲಿಯೆಸ್ಟರ್ ನಾರಿನ ಹಲಗೆಯೂ ಸಿಗುತ್ತೆ, ಅಷ್ಟು ಕುಡಿಯೋದಿಲ್ಲ, ಆದರೆ ತುರಿಕೆ ಇಲ್ಲ.

ಎಲ್ಲಿ ಹಾಕೋದು? ಮೊದಲ ಎರಡೋ ಮೂರೋ ಸೋಫಾ ಹಿಂದಿನ ಗೋಡೆಗೆ. ಆಮೇಲೆ ಪಕ್ಕದ ಗೋಡೆ. ನೀವು ಕುರ್ಚಿಯಲ್ಲಿ ಕೂರಿ, ಮನೆಯವರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸುತ್ತಾ ಹೋಗಲಿ, ಯಾವ ಜಾಗದಲ್ಲಿ ಕನ್ನಡಿಯೊಳಗೆ ಸ್ಪೀಕರ್ ಕಾಣುತ್ತೋ ಅಲ್ಲಿ ಪ್ಯಾನೆಲ್. ಬಲಕ್ಕೆ ಗಾಜಿದೆ, ಅಲ್ಲಿ ಪ್ಯಾನೆಲ್ ನಿಲ್ಲೋದಿಲ್ಲ. ದಪ್ಪ ಪರದೆ ಹಾಕಿ, ಬಾಗಿಲಿನ ಅಗಲಕ್ಕೆ ಎರಡರಷ್ಟು ಬಟ್ಟೆ, ನೆರಿಗೆ ನೆರಿಗೆಯಾಗಿ ಇಳಿಯಬೇಕು. ನೆಲಕ್ಕೆ ಸ್ಪೀಕರ್ ಮತ್ತು ಕುರ್ಚಿಯ ನಡುವೆ ದಪ್ಪ ಜಮಖಾನೆ. ಪುಸ್ತಕದ ಕಪಾಟು ಇದ್ದರೆ ಟೀವಿ ಎದುರಿನ ಗೋಡೆಗೆ ತನ್ನಿ, ಪುಸ್ತಕ ಒಂದು ಮುಂದೆ ಒಂದು ಹಿಂದೆ ಇದ್ದಷ್ಟೂ ಒಳ್ಳೇದು. ಆರು ಪ್ಯಾನೆಲ್ಲಿಗಿಂತ ಜಾಸ್ತಿ ಈಗಲೇ ಮಾಡಿಸಬೇಡಿ. ಒಣಗಿಹೋದ ಕೋಣೆಯಲ್ಲಿ ಸಂಗೀತ ಕೇಳೋದು ಇನ್ನೊಂದು ಶಿಕ್ಷೆ.

ಮುಂಬೈಯವರಿಗೆ ಮಾತ್ರ ಹೇಳಬೇಕಾದ ಒಂದು ಮಾತಿದೆ. ಮಳೆಗಾಲದಲ್ಲಿ ಹೊರಗಿನ ಗೋಡೆ ತೇವ ಹಿಡಿಯುತ್ತೆ, ಪ್ಯಾನೆಲ್ಲನ್ನ ಗೋಡೆಗೆ ಅಂಟಿಸಿಬಿಟ್ಟರೆ ಹಿಂದೆ ಕಪ್ಪು ಬೂಷ್ಟು. ಎರಡು ಇಂಚು ಬಿಟ್ಟು ತೂಗುಹಾಕಿ. ಗಾಳಿಯೂ ಆಡುತ್ತೆ, ಕೆಳಗಿನ ಸ್ವರಗಳನ್ನ ಕುಡಿಯುವ ಶಕ್ತಿಯೂ ಹೆಚ್ಚುತ್ತೆ, ಏಕೆಂದರೆ ಶಬ್ದದ ಅಲೆಯಲ್ಲಿ ಗಾಳಿಯ ಕಣಗಳ ಓಡಾಟ ಗೋಡೆಯ ಮೈಮೇಲೆ ಇಲ್ಲವೇ ಇಲ್ಲ, ದೂರ ಬಂದ ಹಾಗೆ ಜಾಸ್ತಿ. ಸೋರುವ ಗೋಡೆಯಾದರೆ ಮೊದಲು ಸೊಸೈಟಿಯವರ ಬೆನ್ನು ಹತ್ತಿ ವಾಟರ್‌ಪ್ರೂಫಿಂಗ್ ಮಾಡಿಸಿ. ಅದು ಸ್ಪೀಕರಿಗಿಂತ ಕಷ್ಟದ ಕೆಲಸ, ಗೊತ್ತು.

ಇಷ್ಟೆಲ್ಲ ಮಾಡಿದರೂ ನಾಲ್ಕು ಇಂಚಿನ ರಾಕ್‌ವೂಲ್ 70 ಹರ್ಟ್ಜಿಗೆ ಹೆಚ್ಚೇನೂ ಮಾಡೋದಿಲ್ಲ, ಅದನ್ನ ಈಗಲೇ ಹೇಳಿಬಿಡ್ತೀನಿ. ಜಾಗ ಬದಲಿಸಿದ ಮೇಲೂ ಖರ್ಜ ಉಳಿದರೆ ಆಗ ನಿಮ್ಮ ಮಗನ ಕರೆಕ್ಷನ್ ಪೆಟ್ಟಿಗೆ, ಕೋಣೆ ಎತ್ತುವ ಸ್ವರವನ್ನ ಅದು ಸ್ಪೀಕರಿಗೆ ಹೋಗುವ ಮೊದಲೇ ತಗ್ಗಿಸುತ್ತೆ. ಹುಡುಗ ಹೇಳೋದು ತಪ್ಪಲ್ಲ, ಆದರೆ ಅದು ಕೊನೆಯ ಹೆಜ್ಜೆ. ಅಳತೆಗೆ ಒಂದು ಯುಎಸ್‌ಬಿ ಮೈಕ್ ಬೇಕು, ಸಾಫ್ಟ್‌ವೇರ್ ರೂಮ್ ಇಕ್ಯೂ ವಿಝರ್ಡ್, ಪುಕ್ಕಟೆ. ಎರಡು ನಿಯಮ ನೆನಪಿಡಿ. ಎದ್ದು ನಿಂತ ಸ್ವರವನ್ನ ಇಳಿಸಿ, ಬಿದ್ದುಹೋದದ್ದನ್ನ ಎತ್ತೋಕೆ ಹೋಗಬೇಡಿ. ಅಲೆ ಅಲೆಯನ್ನ ಕೊಂದ ಜಾಗದಲ್ಲಿ ಎಷ್ಟು ತುಂಬಿದರೂ ಅಷ್ಟೂ ಸಾಯುತ್ತೆ, ಆಂಪ್ಲಿಫೈಯರ್ ಮಾತ್ರ ಬೆವರುತ್ತೆ. ಮತ್ತೆ 250 ಹರ್ಟ್ಜ್ ಮೇಲಕ್ಕೆ ಕೈ ಹಾಕಬೇಡಿ, ಅಲ್ಲಿ ಸ್ಪೀಕರ್ ಮಾಡಿದವರು ನಮಗಿಂತ ಜಾಣರು. ಪೆಟ್ಟಿಗೆ ಒಂದು ಕುರ್ಚಿಗೆ ಸರಿಮಾಡುತ್ತೆ, ಪಕ್ಕದಲ್ಲಿ ಕೂತವರಿಗೆ ಬೇರೆಯೇ ಕೇಳಿಸಬಹುದು.

ಸ್ಪೀಕರ್ ವೈರ್: 2.5 ಚದರ ಮಿಲಿಮೀಟರಿನ ತಾಮ್ರದ ವೈರ್, ನಾಲ್ಕು ಮೀಟರ್, ಹೋಗಿಬರುವ ಒಟ್ಟು ಪ್ರತಿರೋಧ ಸುಮಾರು 0.055 ಓಮ್. ಸ್ಪೀಕರಿನದು 8 ಓಮ್ ಅಂದುಕೊಂಡರೂ ಅದರ ಮುಂದೆ ಇದು ಏನೇನೂ ಅಲ್ಲ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಮೀಟರ್ ಲೆಕ್ಕದಲ್ಲಿ ತನ್ನಿ.

ಟಾಟಾ ಥಿಯೇಟರಿನ ಮಾತು ತೆಗೆದಿರಿ. 1980ರಲ್ಲಿ ತೆರೆದ ಆ ಹಾಲಿನ ಧ್ವನಿವಿನ್ಯಾಸ ಸಿರಿಲ್ ಹ್ಯಾರಿಸ್ ಅವರದು, ಮೈಕ್ ಇಲ್ಲದೆ ಹಾಡಿದರೂ ಕೇಳಿಸಬೇಕು ಅಂತಲೇ ಕಟ್ಟಿದ್ದು. ಅಷ್ಟು ದೊಡ್ಡ ಜಾಗದಲ್ಲೂ ನಿಂತ ಅಲೆ ಇದ್ದೇ ಇರುತ್ತೆ, ಆದರೆ ಮೊದಲನೆಯದು ನಮ್ಮ ಕಿವಿಗೆ ನಿಲುಕದಷ್ಟು ಕೆಳಗೆ, ತಂಬೂರಿಯ ಹತ್ತಿರ ಬರುವಷ್ಟರಲ್ಲಿ ಒತ್ತೊತ್ತಾಗಿ ಸೇರಿಕೊಂಡು ಒಂದೊಂದೇ ಕೇಳಿಸೋದಿಲ್ಲ. 16 ಅಡಿಯ ಹಾಲಿಗೆ ಆ ಭಾಗ್ಯ ಇಲ್ಲ. ಅಲ್ಲಿಯ ಹಾಗೆ ಕೇಳಿಸುತ್ತೆ ಅಂತ ಯಾರಾದರೂ ಹೇಳಿ ದುಡ್ಡು ಕೇಳಿದರೆ ಚಹಾ ಕೊಟ್ಟು ಕಳಿಸಿ.

ಕೊನೆಗೆ ಕೆಳಗಿನ ಮನೆಯವರು. ಇದು ಎಲ್ಲಕ್ಕಿಂತ ನಾಜೂಕು. ಮೇಲೆ ಹೇಳಿದ ಯಾವ ಪ್ಯಾನೆಲ್ಲೂ ಶಬ್ದ ಹೊರಗೆ ಹೋಗೋದನ್ನ ತಡೆಯೋದಿಲ್ಲ, ಅದು ಒಳಗಿನ ಪ್ರತಿಧ್ವನಿಗೆ ಮಾತ್ರ ಮದ್ದು. ಹೊರಗೆ ಹೋಗದಂತೆ ತಡೆಯೋಕೆ ತೂಕ ಬೇಕು, ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟಬೇಕು. ಫ್ಲಾಟಿನ ಸ್ಲ್ಯಾಬ್ ಮೇಲೆ ಅಷ್ಟು ಭಾರ ಹೇರುವ ಮೊದಲು ಸ್ಟ್ರಕ್ಚರಲ್ ಇಂಜಿನಿಯರನ್ನ ಕೇಳಬೇಕು, ಸೊಸೈಟಿಯ ಎನ್‌ಒಸಿ ಬೇಕು, ಹಾಲ್ 14 ಅಡಿಗೆ ಇಳಿಯುತ್ತೆ. ನಿಮಗೆ ನಾನು ಹೇಳೋದಿಲ್ಲ. ನಿಮ್ಮ ಸ್ಪೀಕರಿನ ಕೆಳಗೆ ಚೂಪು ಮೊಳೆಯ ಕಾಲು ಇದ್ದರೆ ತೆಗೆದು ಮೆತ್ತನೆ ರಬ್ಬರ್ ಪ್ಯಾಡ್ ಹಾಕಿ, ಸ್ಲ್ಯಾಬಿಗೆ ಇಳಿಯುವ ನಡುಕ ಒಂದಷ್ಟು ಕಡಿಮೆಯಾಗುತ್ತೆ. ಮೂಲೆಯಿಂದ ಹೊರಗೆ ತಂದ ಮೇಲೆ ಆ 70 ಹರ್ಟ್ಜ್ ಕೂಡ ಇಳಿದಿರುತ್ತೆ, ಅವರಿಗೆ ಕಾಡುತ್ತಿರೋದೂ ಬಹುಶಃ ಅದೇ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶಕ್ಕೆ ನಿಯಮದ ಮಿತಿ 45 ಡೆಸಿಬೆಲ್, ಹಗಲು 55. ನಿಯಮ ಒಂದು ಕಡೆ ಇರಲಿ, ಸಾಮಾನು ಜರುಗಿಸಿದ ಮೇಲೆ ಒಂದು ಸಂಜೆ ನೀವೇ ಕೆಳಗಿಳಿದು ಅವರ ಹಾಲಿನಲ್ಲಿ ಕೂರಿ, ಮೇಲೆ ಮನೆಯವರು ಅದೇ ಕರಿ ಒಂದರ ರೆಕಾರ್ಡಿಂಗ್ ಹಾಕಲಿ. ಅಲ್ಲಿಂದಲೇ ಫೋನ್ ಮಾಡಿ ವಾಲ್ಯೂಮ್ ಇಳಿಸಿಸುತ್ತಾ ಹೋಗಿ, ಅವರು ಸಾಕು ಅಂದ ಕಡೆ ಆಂಪ್ಲಿಫೈಯರಿನ ಗುಂಡಿಗೆ ಒಂದು ಚುಕ್ಕೆ ಹಚ್ಚಿಸಿ.